ಮುಕ್ತ ಲೈಸೆನ್ಸ್ ಇರುವ ಚಿತ್ರ, ಹಾಡು, ಬರಹ ಬಳಸುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಹೆಚ್ಚಿನವು ಕ್ರಿಯೇಟಿವ್ ಕಾಮನ್ಸ್ (ಚಿಕ್ಕದಾಗಿ ಸಿಸಿ) ಎಂಬ ಸಂಸ್ಥೆ ಬರೆದಿಟ್ಟ ಸಿದ್ಧ ಲೈಸೆನ್ಸ್‌ಗಳ ಸುತ್ತ ತಿರುಗುತ್ತವೆ, ಯಾಕೆಂದರೆ ಫೋಟೋ, ಸಂಗೀತ, ಬರಹಗಳ ಮಟ್ಟಿಗೆ ಎಲ್ಲೆಡೆ ಚಲಾವಣೆಯಲ್ಲಿರುವುದು ಅದೇ. ಈಗಿನ ಲೈಸೆನ್ಸ್ ಎಲ್ಲ ದೇಶಕ್ಕೂ ಒಂದೇ ಆದರೂ ಅದರ ಹಿಂದಿನ ಕಾಪಿರೈಟ್ ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ವಿಷಯ ವಕೀಲರ ನೋಟಿಸ್‌ವರೆಗೆ ಹೋಗಿದ್ದರೆ ನೀವೂ ವಕೀಲರನ್ನೇ ಕೇಳಿ.

## ಬುನಾದಿ

ಇಂಟರ್ನೆಟ್ಟಲ್ಲಿ ಹಾಕಿದ ಮೇಲೆ ಅದು ಎಲ್ಲರದ್ದೂ ತಾನೇ? ಕಾಪಿರೈಟ್ ಗುರುತು ಕೂಡ ಇರಲಿಲ್ಲ.

ಅಲ್ಲ. ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಲ್ಲಿ, ಅಂದರೆ ಜಗತ್ತಿನ ಬಹುಪಾಲು ದೇಶಗಳಲ್ಲಿ, ಕೃತಿ ಹುಟ್ಟಿದ ಕ್ಷಣದಿಂದಲೇ ಕಾಪಿರೈಟ್ ತಾನಾಗಿ ಬರುತ್ತದೆ. ನೋಂದಣಿ ಬೇಡ, ಗುರುತು ಬೇಡ, ಎಚ್ಚರಿಕೆಯ ಸಾಲೂ ಬೇಡ. ಮೊಬೈಲ್‌ನಲ್ಲಿ ಕ್ಲಿಕ್ಕಿಸಿದ ಮಸುಕು ಫೋಟೋಗೂ ಸಾಮಾನ್ಯವಾಗಿ ಇದೇ ರಕ್ಷಣೆ ಇರುತ್ತದೆ. ಹಾಗಾಗಿ ಪುಟದಲ್ಲಿ ಏನೂ ಬರೆದಿಲ್ಲ ಎಂದರೆ “ಎಲ್ಲ ಹಕ್ಕುಗಳೂ ಮಾಲೀಕರದ್ದು” ಎಂದೇ ಓದಿಕೊಳ್ಳಬೇಕು. ಮುಕ್ತ ಲೈಸೆನ್ಸ್ ಬೇಕಾಗುವುದು ಈ ಕಾರಣಕ್ಕೇ. ಒಬ್ಬೊಬ್ಬರಿಗೂ ಪತ್ರ ಬರೆದು ಅನುಮತಿ ಕೊಡುವ ಬದಲು ಮಾಲೀಕರು ಎಲ್ಲರಿಗೂ ಮುಂಚಿತವಾಗಿ, ಕೆಲವು ಷರತ್ತುಗಳ ಮೇಲೆ ಕೊಟ್ಟಿಡುವ ಅನುಮತಿ ಅದು.

ಸಿಸಿ ಅಂತ ಹಾಕಿದ್ದಾರೆ ಅಂದ್ರೆ ಕಾಪಿರೈಟ್ ಬಿಟ್ಟುಕೊಟ್ಟಿದ್ದಾರೆ ಅಂತ ಅರ್ಥನಾ?

ಇಲ್ಲ, ಕಾಪಿರೈಟ್ ಅವರದ್ದೇ. ಲೈಸೆನ್ಸ್‌ಗೆ ಬಲ ಬರುವುದೇ ಅದರಿಂದ. ಷರತ್ತು ಮುರಿದರೆ ಅನುಮತಿ ಬಿದ್ದುಹೋಗುತ್ತದೆ, ಆಮೇಲೆ ನೀವು ಮಾಡುತ್ತಿರುವುದು ಅನುಮತಿ ಇಲ್ಲದ ನಕಲು. ಅಮೆರಿಕದ ಫೆಡರಲ್ ಸರ್ಕಿಟ್ ಕೋರ್ಟ್ 2008ರಲ್ಲಿ ಜೇಕಬ್ಸನ್ ವಿರುದ್ಧ ಕಾಟ್ಜರ್ ಮೊಕದ್ದಮೆಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಅಲ್ಲಿದ್ದದ್ದು ಆಟಿಕೆ ರೈಲು ಓಡಿಸುವ ಪುಕ್ಕಟೆ ಸಾಫ್ಟ್‌ವೇರ್. ದುಡ್ಡು ತೆಗೆದುಕೊಳ್ಳದೆ ಕೊಟ್ಟಿದ್ದರೂ ಅದರ ಷರತ್ತುಗಳನ್ನು ಕಾಪಿರೈಟ್ ಕಾನೂನಿನಡಿ ಜಾರಿ ಮಾಡಿಸಬಹುದು ಎಂದು ಕೋರ್ಟ್ ಹೇಳಿತು.

ಬೈ, ಎಸ್‌ಎ, ಎನ್‌ಸಿ, ಎನ್‌ಡಿ… ಈ ಅಕ್ಷರಗಳನ್ನ ಹೇಗೆ ಓದೋದು?

ಬೈ ಎಂದರೆ ಕರ್ತೃವಿನ ಹೆಸರು ಹೇಳಬೇಕು. ಎಸ್‌ಎ ಎಂದರೆ ಅದನ್ನು ಬದಲಿಸಿ ಹಂಚಿದರೆ ನಿಮ್ಮ ಕೃತಿಯನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಎನ್‌ಸಿ ಎಂದರೆ ವಾಣಿಜ್ಯ ಬಳಕೆ ಇಲ್ಲ. ಎನ್‌ಡಿ ಎಂದರೆ ಬದಲಿಸಿದ ರೂಪವನ್ನು ಹಂಚುವಂತಿಲ್ಲ. ಇವುಗಳ ಜೋಡಣೆಯಿಂದ ಆರು ಲೈಸೆನ್ಸ್‌ಗಳು: ಬೈ, ಬೈ-ಎಸ್‌ಎ, ಬೈ-ಎನ್‌ಸಿ, ಬೈ-ಎನ್‌ಸಿ-ಎಸ್‌ಎ, ಬೈ-ಎನ್‌ಡಿ, ಬೈ-ಎನ್‌ಸಿ-ಎನ್‌ಡಿ. ಎಸ್‌ಎ ಮತ್ತು ಎನ್‌ಡಿ ಒಟ್ಟಿಗೆ ಬರುವುದಿಲ್ಲ. ಬದಲಾಯಿಸಿ ಹಂಚಲು ಬಿಡದ ಕಡೆ ಬದಲಾದದ್ದಕ್ಕೆ ಷರತ್ತು ಹಾಕುವ ಪ್ರಶ್ನೆಯೇ ಇಲ್ಲವಲ್ಲ.

ಇವುಗಳಲ್ಲಿ ಬೈ ಮತ್ತು ಬೈ-ಎಸ್‌ಎ ಎರಡನ್ನೇ, ಜೊತೆಗೆ ಹಕ್ಕನ್ನೇ ಬಿಟ್ಟುಕೊಡುವ ಸಿಸಿ ಜೀರೋವನ್ನು, ಪೂರ್ತಿ ಅರ್ಥದಲ್ಲಿ ಮುಕ್ತ ಎಂದು ಎಣಿಸುತ್ತಾರೆ. ವಿಕಿಪೀಡಿಯದ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಎನ್‌ಸಿ ಅಥವಾ ಎನ್‌ಡಿ ಮಾತ್ರ ಇರುವ ಚಿತ್ರ ಸೇರಿಸಿದರೆ ಅಳಿಸಿಹಾಕುವುದು ಇದಕ್ಕೇ. “ಸಿಸಿ ಇದೆ” ಎಂದಷ್ಟೇ ಬರೆದು ಯಾವುದೆಂದು ಹೇಳದ ಪುಟವನ್ನು ನಂಬಬೇಡಿ. ಆ ಮಾತಿನಿಂದ ನಿಮಗೆ ಯಾವ ಅನುಮತಿ ಸಿಕ್ಕಿತು ಎಂದು ಹೇಳಲು ಬರುವುದಿಲ್ಲ.

ಸಿಸಿ ಜೀರೋ, ಪಬ್ಲಿಕ್ ಡೊಮೇನ್ ಎರಡೂ ಒಂದೇನಾ?

ಬಳಸುವವರಿಗೆ ಪರಿಣಾಮ ಹೆಚ್ಚುಕಡಿಮೆ ಒಂದೇ, ಬಂದ ದಾರಿ ಬೇರೆ. ಕಾಪಿರೈಟ್ ಅವಧಿ ಮುಗಿದಿದ್ದರೆ, ಅಥವಾ ಮೊದಲಿಂದಲೂ ಕಾಪಿರೈಟ್ ಇರದಿದ್ದರೆ, ಅದು ಪಬ್ಲಿಕ್ ಡೊಮೇನ್. ಜೀವಂತ ಮಾಲೀಕರು “ನನ್ನ ಹಕ್ಕು ಬಿಟ್ಟಿದ್ದೇನೆ” ಎಂದು ಬರೆದುಕೊಟ್ಟರೆ ಅದು 2009ರಲ್ಲಿ ಬಂದ ಸಿಸಿ ಜೀರೋ. ಜರ್ಮನಿಯಂಥ ದೇಶಗಳಲ್ಲಿ ಕರ್ತೃ ತನ್ನ ಹಕ್ಕನ್ನು ಪೂರ್ತಿ ತೊರೆಯಲು ಕಾನೂನು ಬಿಡುವುದಿಲ್ಲ. ಅಂಥ ಕಡೆ ಸಿಸಿ ಜೀರೋ ಷರತ್ತೇ ಇಲ್ಲದ ಲೈಸೆನ್ಸ್ ಆಗಿ ಕೆಲಸ ಮಾಡುವಂತೆ ಅದರೊಳಗೇ ಬರೆದಿದ್ದಾರೆ.

ಅವಧಿಯ ಲೆಕ್ಕದಲ್ಲಿ ಎಡವುವವರು ಬಹಳ. ಬರ್ನ್ ಒಪ್ಪಂದದ ಕನಿಷ್ಠ ಮಿತಿ ಕರ್ತೃ ತೀರಿಕೊಂಡ ನಂತರ 50 ವರ್ಷ. ಭಾರತದಲ್ಲಿ 60, ಐರೋಪ್ಯ ಒಕ್ಕೂಟದಲ್ಲಿ 70. ಅಮೆರಿಕದಲ್ಲಿ ಹಳೆಯ ಪ್ರಕಟಿತ ಕೃತಿಗಳಿಗೆ ಪ್ರಕಟವಾದ ವರ್ಷದಿಂದ ಗರಿಷ್ಠ 95 ವರ್ಷ. ಎಣಿಕೆ ಸಾಮಾನ್ಯವಾಗಿ ಮುಂದಿನ ಜನವರಿ 1ರಿಂದ ಶುರು. ಒಂದು ದೇಶದಲ್ಲಿ ಬಿಡುಗಡೆಯಾದದ್ದು ಇನ್ನೊಂದರಲ್ಲಿ ಇನ್ನೂ ಕಟ್ಟಿನಲ್ಲಿರಬಹುದು. ಕೃತಿಯನ್ನು ಯಾವ ದೇಶದಲ್ಲಿ ಬಳಸುತ್ತೀರೋ ಅಲ್ಲಿನ ಲೆಕ್ಕ ನೋಡಿ.

“ರಾಯಲ್ಟಿ ಫ್ರೀ”, “ಫ್ರೀ ಡೌನ್‌ಲೋಡ್” ಅಂತ ಇರುತ್ತಲ್ಲ, ಅದೂ ಇದೇ ತಾನೇ?

ಬೇರೆ. ರಾಯಲ್ಟಿ ಫ್ರೀ ಎಂದರೆ ಸಾಮಾನ್ಯವಾಗಿ ಒಮ್ಮೆ ದುಡ್ಡು ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಎಂದಷ್ಟೇ. ಫ್ರೀ ಡೌನ್‌ಲೋಡ್ ಎಂದರೆ ಇಳಿಸಿಕೊಳ್ಳಲು ದುಡ್ಡಿಲ್ಲ. ಮರುಬಳಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪುಕ್ಕಟೆ ಫೋಟೋ ತಾಣಗಳಾದ ಅನ್‌ಸ್ಪ್ಲಾಶ್ 2017ರಲ್ಲಿ, ಪಿಕ್ಸಾಬೇ 2019ರಲ್ಲಿ ಸಿಸಿ ಜೀರೋ ಬಿಟ್ಟು ತಮ್ಮದೇ ಲೈಸೆನ್ಸ್ ತಂದವು. ಉದಾರವೇ ಸರಿ, ಆದರೆ ಅವುಗಳ ಚಿತ್ರಗಳನ್ನು ಒಟ್ಟುಗೂಡಿಸಿ ಅಂಥದ್ದೇ ಇನ್ನೊಂದು ತಾಣ ಕಟ್ಟುವಂತಿಲ್ಲ, ಇದ್ದದ್ದನ್ನು ಇದ್ದಹಾಗೇ ಮಾರುವಂತಿಲ್ಲ. ಮುಕ್ತ ಲೈಸೆನ್ಸ್ ಬೇಕೇ ಬೇಕು ಎನ್ನುವ ಯೋಜನೆಗೆ ಅವು ಆಗುವುದಿಲ್ಲ.

## ಬಳಸುವಾಗ

ಗೂಗಲ್ ಇಮೇಜಸ್‌ನಲ್ಲಿ ಸಿಸಿ ಫಿಲ್ಟರ್ ಹಾಕಿ ತಗೊಂಡಿದ್ದೀನಿ. ಅಷ್ಟು ಸಾಕಲ್ವಾ?

ಸಾಲದು. ಆ ಫಿಲ್ಟರ್ ಹುಡುಕಾಟದ ಆರಂಭ ಮಾತ್ರ. ಪುಟದಲ್ಲಿ ಯಾರೋ ಬರೆದದ್ದನ್ನು ಅದು ಓದಿ ತೋರಿಸುತ್ತದೆ. ಬರೆದವರಿಗೆ ಲೈಸೆನ್ಸ್ ಕೊಡುವ ಹಕ್ಕು ಇತ್ತೇ ಎಂದು ಅದಕ್ಕೆ ಗೊತ್ತಿಲ್ಲ. ಲೈಸೆನ್ಸ್ ವಿಚಾರದಲ್ಲಿ ನಾವು ಕಂಡ ಕೆಟ್ಟ ಅನಾಹುತಗಳೆಲ್ಲ ಬಹುತೇಕ ಇಲ್ಲೇ ಹುಟ್ಟುತ್ತವೆ. ಬೇರೆಯವರ ಫೋಟೋವನ್ನು ತನ್ನ ಖಾತೆಗೆ ಏರಿಸಿ ಸಿಸಿ ಬೈ ಎಂದು ಹಾಕಿದರೆ ಆ ಲೈಸೆನ್ಸ್‌ಗೆ ಕವಡೆ ಕಿಮ್ಮತ್ತಿಲ್ಲ. ಅದನ್ನು ನಂಬಿ ಬಳಸಿದವರಿಗೆ “ನನಗೆ ಗೊತ್ತಿರಲಿಲ್ಲ” ಎಂಬುದು ಎಲ್ಲ ಕಡೆ ರಕ್ಷಣೆಯೂ ಆಗುವುದಿಲ್ಲ.

ಹೀಗೆ ಪರಿಶೀಲಿಸಿ. ಮೊದಲು ಚಿತ್ರ ಇರುವ ಮೂಲ ಪುಟಕ್ಕೆ ಹೋಗಿ, ಮರುಹಂಚಿಕೆಯ ಪುಟ ಬೇಡ. ಲೈಸೆನ್ಸ್ ಹೆಸರು ಮತ್ತು ಆವೃತ್ತಿ (4.0ರಂಥ ಸಂಖ್ಯೆ) ಎರಡೂ ಇದೆಯೇ ನೋಡಿ. ಆಮೇಲೆ ಖಾತೆಯಲ್ಲಿರುವ ಉಳಿದ ಚಿತ್ರಗಳ ಮೇಲೆ ಕಣ್ಣಾಡಿಸಿ. ಒಬ್ಬರೇ ತೆಗೆದಂತೆ ಕಾಣುತ್ತವೆಯೋ, ಸಿನಿಮಾ ಪೋಸ್ಟರ್, ಸುದ್ದಿಸಂಸ್ಥೆಯ ಫೋಟೋ, ವಾಲ್‌ಪೇಪರ್‌ಗಳ ಕಲಸುಮೇಲೋಗರವೋ? ಎರಡನೆಯದಾದರೆ ಬಿಟ್ಟುಬಿಡಿ. ಚಿತ್ರ ಸಣ್ಣ ಗಾತ್ರದ್ದಾಗಿದ್ದು ಕ್ಯಾಮೆರಾ ಮಾಹಿತಿಯೂ ಇಲ್ಲದಿದ್ದರೆ ಅನುಮಾನಪಡಲು ಕಾರಣವಿದೆ. ಕೊನೆಗೆ ರಿವರ್ಸ್ ಇಮೇಜ್ ಸರ್ಚ್ (ಚಿತ್ರವನ್ನೇ ಕೊಟ್ಟು ಹುಡುಕುವುದು) ಮಾಡಿ ಇದಕ್ಕಿಂತ ಹಳೆಯ, ದೊಡ್ಡ ಪ್ರತಿ ಬೇರೆಲ್ಲಾದರೂ ಇದೆಯೇ ನೋಡಿ. ಎಲ್ಲ ಸರಿಯಿದ್ದರೆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಅದೇ ವಿಳಾಸವನ್ನು ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಿ.

ವಿಕಿಪೀಡಿಯದ ಚಿತ್ರಗಳಿಗೂ ಇದೇ ಮಾತು. ಅಲ್ಲಿನ ಪಠ್ಯ ಬೈ-ಎಸ್‌ಎ 4.0, ಆದರೆ ಪ್ರತಿ ಚಿತ್ರಕ್ಕೂ ಅದರದ್ದೇ ಲೈಸೆನ್ಸ್. ಕೆಲವು ಭಾಷೆಯ ವಿಕಿಪೀಡಿಯಗಳಲ್ಲಿ ಲೋಗೋ, ಪೋಸ್ಟರ್‌ಗಳು ಮುಕ್ತವಲ್ಲದೆಯೂ ಇರುತ್ತವೆ. ಚಿತ್ರದ ಮೇಲೆ ಒತ್ತಿ ಅದರ ಪುಟ ಓದಿ.

ಕ್ರೆಡಿಟ್ ಸರಿಯಾಗಿ ಬರೆಯೋದು ಹೇಗೆ? “ಕೃಪೆ: ಇಂಟರ್ನೆಟ್” ಅಂದ್ರೆ ನಡೆಯುತ್ತಾ?

ನಡೆಯುವುದಿಲ್ಲ. “ಕೃಪೆ: ಗೂಗಲ್” ಎಂಬುದೂ ಅಷ್ಟೇ, ಗೂಗಲ್ ಆ ಚಿತ್ರ ತೆಗೆದಿಲ್ಲ. ಶೀರ್ಷಿಕೆ, ಕರ್ತೃ, ಮೂಲ, ಲೈಸೆನ್ಸ್ ಎಂಬ ನಾಲ್ಕನ್ನು ನೆನಪಿಟ್ಟುಕೊಳ್ಳಿ. ಬದಲಿಸಿದ್ದರೆ ಐದನೆಯದಾಗಿ ಬದಲಾವಣೆ. ಹೀಗೆ:

“ಬೆಳಗಿನ ಸೇತುವೆ”, ಛಾಯಾಚಿತ್ರ: ಛಾಯಾಗ್ರಾಹಕರ ಹೆಸರು, ಸಿಸಿ ಬೈ-ಎಸ್‌ಎ 4.0. ಎಡಬದಿ ಕತ್ತರಿಸಿ ಕಪ್ಪು-ಬಿಳುಪು ಮಾಡಲಾಗಿದೆ.

ಶೀರ್ಷಿಕೆಗೆ ಮೂಲ ಪುಟದ ಕೊಂಡಿ, ಹೆಸರಿಗೆ ಅವರ ಪ್ರೊಫೈಲ್ ಪುಟದ ಕೊಂಡಿ, ಲೈಸೆನ್ಸ್ ಹೆಸರಿಗೆ ಕ್ರಿಯೇಟಿವ್ ಕಾಮನ್ಸ್‌ನ ಆ ಲೈಸೆನ್ಸ್ ಪುಟದ ಕೊಂಡಿ. ಕರ್ತೃ ತನ್ನನ್ನು ಹೇಗೆ ಕರೆದುಕೊಂಡಿದ್ದಾರೋ ಹಾಗೇ ಬರೆಯಿರಿ. ಅಡ್ಡಹೆಸರಿದ್ದರೆ ಅಡ್ಡಹೆಸರು. ನೀವೇ ಪತ್ತೆದಾರಿ ಮಾಡಿ ನಿಜನಾಮ ಹಾಕುವುದು ಬೇಡ. ಅವರೇ ಕಾಪಿರೈಟ್ ಸಾಲು ಅಥವಾ ಹೊಣೆ ನಿರಾಕರಣೆಯ ಸೂಚನೆ ಕೊಟ್ಟಿದ್ದರೆ ಅದನ್ನೂ ಉಳಿಸಿ.

ಹೆಚ್ಚಾಗಿ ಬಿಟ್ಟುಹೋಗುವುದು ಲೈಸೆನ್ಸ್‌ನ ಕೊಂಡಿ ಮತ್ತು ಬದಲಾವಣೆಯ ಸೂಚನೆ. ಹೆಸರು ಹಾಕಿದೆವಲ್ಲ ಎಂದು ಸುಮ್ಮನಾಗುತ್ತಾರೆ. ಆದರೆ ಕೊಂಡಿ ಇಲ್ಲದಿದ್ದರೆ ನಿಮ್ಮಿಂದ ಮುಂದೆ ಪಡೆಯುವವರಿಗೆ ತಮಗೂ ಅದೇ ಅನುಮತಿ ಇದೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಪೋಸ್ಟರ್‌ನಲ್ಲಿ ಜಾಗ ಇಲ್ಲ, ಪಾಡ್‌ಕ್ಯಾಸ್ಟ್‌ನಲ್ಲಿ ತೋರಿಸೋಕೆ ಆಗಲ್ಲ. ಕ್ರೆಡಿಟ್ ಎಲ್ಲಿ ಹಾಕಲಿ?

ಮಾಧ್ಯಮಕ್ಕೆ ತಕ್ಕಂತೆ ಹಾಕಿದರೆ ಸಾಕೆಂದು ಲೈಸೆನ್ಸೇ ಹೇಳುತ್ತದೆ. ವಿಡಿಯೋಗೆ ಕೊನೆಯ ಪಟ್ಟಿ ಮತ್ತು ಡಿಸ್ಕ್ರಿಪ್ಷನ್, ಪಾಡ್‌ಕ್ಯಾಸ್ಟ್‌ಗೆ ಶೋ ನೋಟ್ಸ್ ಜೊತೆಗೆ ಬಾಯಲ್ಲಿ ಒಂದು ವಾಕ್ಯ, ಪುಸ್ತಕಕ್ಕೆ ಚಿತ್ರದ ಕೆಳಗೆ ಅಥವಾ ಕೊನೆಯಲ್ಲಿ ಪುಟಸಂಖ್ಯೆಯೊಂದಿಗೆ ಚಿತ್ರಋಣದ ಪಟ್ಟಿ. ಸ್ಲೈಡ್‌ಗಳಲ್ಲಿ ಆಯಾ ಸ್ಲೈಡಿನಲ್ಲೇ ಹಾಕುವುದು ಒಳ್ಳೆಯದು, ಯಾಕೆಂದರೆ ಜನ ಒಂದೇ ಸ್ಲೈಡ್ ಕಿತ್ತುಕೊಂಡು ಹೋಗುತ್ತಾರೆ. ಪೋಸ್ಟರ್‌ನಲ್ಲಿ ಅಂಚಿಗೆ ಸಣ್ಣ ಅಕ್ಷರದಲ್ಲಿ ಹೆಸರು, ಲೈಸೆನ್ಸ್ ಮತ್ತು ವಿವರ ಪುಟದ ಕಿರುವಿಳಾಸ ಅಥವಾ ಕ್ಯೂಆರ್ ಕೋಡ್ ಸಾಕು. ಎಲ್ಲ ವಿವರವನ್ನೂ ಬೇರೆ ಪುಟದಲ್ಲಿಟ್ಟು ಅಲ್ಲಿಗೆ ಕೊಂಡಿ ಕೊಡಬಹುದೆಂದು 4.0 ಸ್ಪಷ್ಟವಾಗಿ ಒಪ್ಪುತ್ತದೆ. ಆದರೆ ಆ ಪುಟ ಬದುಕಿರಬೇಕು.

ಕ್ರಾಪ್ ಮಾಡಿದ್ರೆ ಎನ್‌ಡಿ ಮುರಿದ ಹಾಗಾ? ಅನುವಾದ ಮಾಡಿದ್ರೆ?

ಅನುವಾದ ಖಂಡಿತ ಬದಲಾವಣೆಯೇ, ಎನ್‌ಡಿ ಬರಹವನ್ನು ಅನುವಾದಿಸಿ ಹಂಚುವಂತಿಲ್ಲ. ವಿಡಿಯೋಗೆ ಹಿನ್ನೆಲೆ ಸಂಗೀತವಾಗಿ ಹಾಕುವುದೂ ಬದಲಾವಣೆ. ಹಾಡನ್ನು ಒಂದು ಸ್ವರವೂ ಮುಟ್ಟದೆ ಹಾಕಿದರೂ, ಚಲಿಸುವ ದೃಶ್ಯಕ್ಕೆ ಹೊಂದಿಸಿದರೆ ಅದು ರೂಪಾಂತರ ಎಂದು ಲೈಸೆನ್ಸ್‌ನಲ್ಲೇ ಬರೆದಿದೆ. ಆದ್ದರಿಂದ ಎನ್‌ಡಿ ಸಂಗೀತ ವಿಡಿಯೋಗೆ ಸಲ್ಲದು. ಎಸ್‌ಎ ಸಂಗೀತ ಹಾಕಿದರೆ ಇಡೀ ವಿಡಿಯೋವನ್ನು ಬೈ-ಎಸ್‌ಎನಲ್ಲಿ ಕೊಡಬೇಕು. ಈ ಒಂದು ಸಾಲು ತಿಳಿಯದೆ ಸಿಕ್ಕಿಬೀಳುವವರು ಬಹಳ ಮಂದಿ.

ಫೈಲಿನ ಮಾದರಿ ಬದಲಿಸುವುದು, ಗಾತ್ರ ಕುಗ್ಗಿಸುವುದು, ಪಿಡಿಎಫ್ ಮಾಡುವುದು ಬದಲಾವಣೆಯಲ್ಲ. ಕ್ರಾಪ್ ನಡುವಿನದು. ಅಂಚು ಒಂಚೂರು ಸರಿಪಡಿಸುವುದಕ್ಕೂ, ಗುಂಪಿನಿಂದ ಒಬ್ಬರನ್ನಷ್ಟೇ ಕತ್ತರಿಸಿ ಬೇರೆ ಅರ್ಥ ಬರಿಸುವುದಕ್ಕೂ ವ್ಯತ್ಯಾಸವಿದೆ. ಅಳತೆಗೋಲು ಆಯಾ ದೇಶದ ಕಾನೂನಿನದ್ದು. ನಮ್ಮ ಸಲಹೆ: ಎನ್‌ಡಿ ಇದ್ದರೆ ಇದ್ದಹಾಗೇ ಹಾಕಿ, ಇಲ್ಲವೇ ಬೇರೆ ಚಿತ್ರ ಹುಡುಕಿ.

ನಮ್ಮದು ಲಾಭದ ಸಂಸ್ಥೆ ಅಲ್ಲ. ಎನ್‌ಸಿ ಧಾರಾಳವಾಗಿ ಬಳಸಬಹುದಲ್ವಾ? ಚಾನೆಲ್‌ಗೆ ಜಾಹೀರಾತು ಬರುತ್ತೆ ಅಷ್ಟೇ.

ಎನ್‌ಸಿ ನೋಡುವುದು ಬಳಕೆಯನ್ನು. ಬಳಸುವವರು ಯಾರು ಎಂಬುದು ಅದಕ್ಕೆ ಮುಖ್ಯವಲ್ಲ. ವಾಣಿಜ್ಯ ಲಾಭವನ್ನೋ ಹಣದ ಪ್ರತಿಫಲವನ್ನೋ ಮುಖ್ಯ ಗುರಿಯಾಗಿಟ್ಟುಕೊಂಡ ಬಳಕೆ ಬೇಡ ಎಂಬುದು ಅದರ ಷರತ್ತು. ದತ್ತಿ ಸಂಸ್ಥೆ ಟೀಶರ್ಟ್ ಮಾರಲು ಬಳಸಿದರೆ ತೊಂದರೆಯಾಗಬಹುದು. ಕಂಪನಿಯ ನೌಕರ ಮನೆಯ ಗೋಡೆಗೆ ಅಂಟಿಸಿಕೊಂಡರೆ ಏನೂ ಇಲ್ಲ. ಜಾಹೀರಾತು ಹಣ ಬರುವ ಚಾನೆಲ್‌ಗೆ ಎನ್‌ಸಿ ಬೇಡ. ವಾದ ಮಾಡಿ ಗೆಲ್ಲಲೂಬಹುದು, ಆದರೆ ಬೈ ಹಾಡುಗಳು ಬೇಕಾದಷ್ಟು ಇರುವಾಗ ಆ ವಾದ ಯಾಕೆ?

ಇನ್ನೊಂದು ಕಡೆ ಅತಿಯಾಗಿ ಹೆದರುವವರೂ ಇದ್ದಾರೆ. ಎನ್‌ಸಿ ಪಠ್ಯವನ್ನು ಜೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರತಿ ಮಾಡಿಸಬಹುದೇ ಎಂದು ಕೇಳುತ್ತಾರೆ. ಬೈ-ಎನ್‌ಸಿ-ಎಸ್‌ಎ 4.0 ಪಠ್ಯವನ್ನು ಶಾಲೆಗಳಿಗಾಗಿ ನಕಲು ಮಾಡಿಕೊಟ್ಟ ಫೆಡ್‌ಎಕ್ಸ್ ಆಫೀಸ್ ಎಂಬ ಜೆರಾಕ್ಸ್ ಅಂಗಡಿಗಳ ಸರಣಿಯ ಮೇಲೆ ಪ್ರಕಾಶಕರಾದ ಗ್ರೇಟ್ ಮೈಂಡ್ಸ್ ಹೂಡಿದ ದಾವೆಯನ್ನು ಅಮೆರಿಕದ ಎರಡನೇ ಸರ್ಕಿಟ್ ಮೇಲ್ಮನವಿ ಕೋರ್ಟ್ 2018ರಲ್ಲಿ ಒಪ್ಪಲಿಲ್ಲ. ಶಾಲೆಯ ಬಳಕೆ ವಾಣಿಜ್ಯವಲ್ಲ, ಅಂಗಡಿ ಶಾಲೆಯ ಪರವಾಗಿ ಕೆಲಸ ಮಾಡಿದೆ ಎಂಬುದು ಅದರ ನಿಲುವು.

ಫ್ರೀ ಸಿಕ್ಕಿದ್ದನ್ನ ನಾನು ಮಾರಬಹುದಾ?

ಬೈ ಮತ್ತು ಬೈ-ಎಸ್‌ಎ ಆದರೆ ಮಾರಬಹುದು, ಕರ್ತೃವಿಗೆ ಪಾಲು ಕೊಡಬೇಕಿಲ್ಲ. ಆದರೆ ಕೊಂಡವರು ಆ ಕೃತಿಯನ್ನು ಪುಕ್ಕಟೆ ಹಂಚಿದರೆ ತಡೆಯುವಂತಿಲ್ಲ. ತಡೆಯುವ ಬೀಗವನ್ನೂ ಹಾಕುವಂತಿಲ್ಲ. ಇ-ಪುಸ್ತಕ ಮಳಿಗೆಗೆ ಏರಿಸುವಾಗ ಡಿಆರ್‌ಎಂ (ನಕಲು ತಡೆಯುವ ಬೀಗ) ಬೇಕೇ ಎಂದು ಕೇಳುವ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿ. ಲೈಸೆನ್ಸ್ ಕೊಟ್ಟ ಸ್ವಾತಂತ್ರ್ಯವನ್ನು ತಾಂತ್ರಿಕವಾಗಿ ಕಿತ್ತುಕೊಳ್ಳುವುದು ಆರೂ ಸಿಸಿ ಲೈಸೆನ್ಸ್‌ಗಳಲ್ಲಿ ನಿಷಿದ್ಧ.

ಫೋಟೋದಲ್ಲಿ ಜನರ ಮುಖ ಕಾಣ್ತಿದೆ. ಬೈ ಇದೆಯಲ್ಲ, ಜಾಹೀರಾತಿಗೆ ಹಾಕಲಾ?

ಹಾಕಬೇಡಿ. ಲೈಸೆನ್ಸ್ ಕೊಟ್ಟವರು ಛಾಯಾಗ್ರಾಹಕರು, ಫೋಟೋದೊಳಗಿನ ವ್ಯಕ್ತಿಯಲ್ಲ. ಖಾಸಗಿತನ, ಚಹರೆಯ ಮೇಲಿನ ಹಕ್ಕು, ಟ್ರೇಡ್‌ಮಾರ್ಕ್ ಇವು ಯಾವುವೂ ಸಿಸಿ ಲೈಸೆನ್ಸ್‌ನಲ್ಲಿ ಬರುವುದಿಲ್ಲ. 2007ರಲ್ಲಿ ಆಸ್ಟ್ರೇಲಿಯದ ವರ್ಜಿನ್ ಮೊಬೈಲ್ ಕಂಪನಿ ಫೋಟೋ ತಾಣ ಫ್ಲಿಕರ್‌ನ ಬೈ ಲೈಸೆನ್ಸ್ ಫೋಟೋ ಒಂದನ್ನು ಜಾಹೀರಾತಿಗೆ ಬಳಸಿ, ಅದರಲ್ಲಿದ್ದ ಹುಡುಗಿಯ ಕುಟುಂಬದಿಂದ ಅಮೆರಿಕದಲ್ಲಿ ಮೊಕದ್ದಮೆ ಎದುರಿಸಿತು. ವ್ಯಾಪ್ತಿ ತನ್ನದಲ್ಲವೆಂದು ಅಲ್ಲಿನ ಕೋರ್ಟ್ ಅದನ್ನು ಕೈಬಿಟ್ಟಿತಾದರೂ ಪಾಠ ಉಳಿಯಿತು. ಜಾಹೀರಾತಿಗೆ ಮುಖ ಬೇಕಿದ್ದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕು.

## ತುಸು ಆಳಕ್ಕೆ

ಒಂದು ಎಸ್‌ಎ ಚಿತ್ರ ಹಾಕಿದ್ರೆ ನನ್ನ ಇಡೀ ಪುಸ್ತಕಾನೇ ಎಸ್‌ಎ ಆಗಿಬಿಡುತ್ತಾ?

ಚಿತ್ರವನ್ನು ಪಠ್ಯದ ಪಕ್ಕದಲ್ಲಿ ಇದ್ದಹಾಗೆ ಮುದ್ರಿಸಿದರೆ ಇಲ್ಲ. ಅದು ಸಂಕಲನ. ಚಿತ್ರ ಎಸ್‌ಎ ಆಗಿಯೇ ಉಳಿಯುತ್ತದೆ, ಪಠ್ಯ ನಿಮ್ಮ ಲೈಸೆನ್ಸ್‌ನಲ್ಲೇ ಇರುತ್ತದೆ. ಎಸ್‌ಎ ಎಚ್ಚೆತ್ತುಕೊಳ್ಳುವುದು ರೂಪಾಂತರ ಮಾಡಿ ಹಂಚಿದಾಗ. ಆ ಚಿತ್ರದ ಮೇಲೆ ಬಣ್ಣ ಬಳಿದು ಹೊಸ ಚಿತ್ರ ಮಾಡಿದರೆ ಹೊಸ ಚಿತ್ರ ಎಸ್‌ಎ, ಎಸ್‌ಎ ಕಥೆಯನ್ನು ನಾಟಕ ಮಾಡಿದರೆ ನಾಟಕ ಎಸ್‌ಎ.

ಇದು ಕೋರ್ಟಿನಲ್ಲಿ ಪರೀಕ್ಷೆಗೊಳಗಾದ ಪ್ರಶ್ನೆ. ಬೈ-ಎಸ್‌ಎ 2.0 ಫೋಟೋವನ್ನು ಕಾಪಾ ಮ್ಯಾಪ್ ಗ್ರೂಪ್ ತನ್ನ ಅಟ್ಲಾಸಿನ ಮುಖಪುಟಕ್ಕೆ ಬಳಸಿ ಮಾರಿತ್ತು. ಅಟ್ಲಾಸನ್ನೂ ಎಸ್‌ಎ ಮಾಡಬೇಕಿತ್ತೆಂದು ಛಾಯಾಗ್ರಾಹಕರು ವಾದಿಸಿದರು. ಅಟ್ಲಾಸ್ ಆ ಫೋಟೋದ ರೂಪಾಂತರವಲ್ಲ, ಸಂಕಲನ ಎಂದು ವಾಷಿಂಗ್ಟನ್‌ನ ಜಿಲ್ಲಾ ಕೋರ್ಟ್ 2015ರಲ್ಲಿ ತೀರ್ಪಿತ್ತಿತು. ಹಿಂಬದಿ ರಕ್ಷಾಪುಟದಲ್ಲಿ ಕೊಟ್ಟ ಕ್ರೆಡಿಟ್ ಸಾಕೆಂದೂ ಹೇಳಿತು.

ಬೇರೆ ಬೇರೆ ಲೈಸೆನ್ಸ್‌ನ ಎರಡನ್ನ ಬೆರೆಸಿ ಹೊಸದು ಮಾಡಬಹುದಾ?

ಸಂಕಲನವಾದರೆ ಪ್ರತಿಯೊಂದರ ಷರತ್ತು ಪಾಲಿಸಿ ಅಕ್ಕಪಕ್ಕ ಇಡಬಹುದು. ಬೆರೆಸಿ ಒಂದೇ ಮಾಡುವಾಗ ಎರಡೂ ಷರತ್ತು ಒಟ್ಟಿಗೆ ಪಾಲಿಸಲಾಗುತ್ತದೆಯೇ ನೋಡಬೇಕು. ಸಿಸಿ ಜೀರೋ ಮತ್ತು ಬೈ, ಎನ್‌ಡಿ ಬಿಟ್ಟು ಉಳಿದೆಲ್ಲದರ ಜೊತೆ ಬೆರೆಯುತ್ತವೆ. ಎನ್‌ಡಿ ಯಾವುದರ ಜೊತೆಗೂ ಬೆರೆಯದು. ಬೈ-ಎಸ್‌ಎ ಮತ್ತು ಬೈ-ಎನ್‌ಸಿ-ಎಸ್‌ಎ ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಸೇರುವುದಿಲ್ಲ. ಮೊದಲನೆಯದು ಫಲಿತಾಂಶವನ್ನು ವಾಣಿಜ್ಯಕ್ಕೂ ಬಿಡಬೇಕೆನ್ನುತ್ತದೆ, ಎರಡನೆಯದು ಬಿಡಬಾರದೆನ್ನುತ್ತದೆ. ಬೈ-ಎಸ್‌ಎ ಮತ್ತು ಬೈ-ಎನ್‌ಸಿ ಜೋಡಿಯೂ ಅದೇ ಕಾರಣಕ್ಕೆ ಮುರಿಯುತ್ತದೆ.

ಸಿಸಿ ಹೊರಗೂ ಎರಡು ಬಾಗಿಲು ತೆರೆದಿವೆ. ಬೈ-ಎಸ್‌ಎ 4.0 ಕೃತಿಯ ರೂಪಾಂತರವನ್ನು ಫ್ರೀ ಆರ್ಟ್ ಲೈಸೆನ್ಸ್ 1.3ರಲ್ಲಿ ಕೊಡಬಹುದು, ಸಾಫ್ಟ್‌ವೇರ್‌ಗೆ ಬಳಸುವ ಜಿಪಿಎಲ್ 3ರಲ್ಲೂ ಕೊಡಬಹುದು. ಜಿಪಿಎಲ್ ಕಡೆಗಿನದು ಏಕಮುಖ ಸಂಚಾರ, ಅಲ್ಲಿಂದ ವಾಪಸ್ ಬರಲಾಗದು.

2.0, 3.0, 4.0 ಅಂತ ಇರುತ್ತಲ್ಲ, ಅದನ್ನ ನೋಡಲೇಬೇಕಾ?

ನೋಡಲೇಬೇಕು. ಮೊದಲ ಕಂತು ಬಂದದ್ದು 2002ರ ಡಿಸೆಂಬರ್‌ನಲ್ಲಿ, 4.0 ಬಂದದ್ದು 2013ರ ನವೆಂಬರ್‌ನಲ್ಲಿ. 3.0 ಮತ್ತು ಹಿಂದಿನವುಗಳಲ್ಲಿ ಶೀರ್ಷಿಕೆ ಇದ್ದರೆ ಕೊಡಲೇಬೇಕು, 4.0ರಲ್ಲಿ ಕಡ್ಡಾಯವಿಲ್ಲ. 3.0ವರೆಗೆ ದೇಶವಾರು ರೂಪಗಳಿದ್ದವು, 4.0 ಎಲ್ಲ ಕಡೆಗೂ ಒಂದೇ. 4.0ರಲ್ಲಿ ಡೇಟಾಬೇಸ್ ಹಕ್ಕೂ ಸೇರಿದೆ. ಎನ್‌ಡಿ ಕೃತಿಯನ್ನು ಹಂಚದೆ ಖಾಸಗಿಯಾಗಿ ಬದಲಿಸಿಕೊಳ್ಳುವುದನ್ನೂ 4.0 ಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತಪ್ಪಾದಾಗ ಏನಾಗುತ್ತದೆ ಎಂಬುದರಲ್ಲಿ. ಅದು ಮುಂದಿನ ಪ್ರಶ್ನೆ.

ಕ್ರೆಡಿಟ್ ಹಾಕೋದು ಮರೆತಿದ್ದೆ, ಈಗ ದುಡ್ಡು ಕೇಳಿ ಮೇಲ್ ಬಂದಿದೆ. ಏನ್ ಮಾಡ್ಲಿ?

ಗಾಬರಿಯಲ್ಲಿ ದುಡ್ಡು ಕಳಿಸಬೇಡಿ, ಮೇಲ್ ಅಳಿಸಿ ಸುಮ್ಮನೆಯೂ ಇರಬೇಡಿ. ಲೈಸೆನ್ಸ್ ಆವೃತ್ತಿ ನೋಡಿ. 4.0 ಆಗಿದ್ದರೆ ತಪ್ಪು ನಿಮಗೆ ತಿಳಿದ 30 ದಿನದೊಳಗೆ ಸರಿಪಡಿಸಿದರೆ ಅನುಮತಿ ತಾನಾಗಿ ಮರಳುತ್ತದೆ. ಸರಿಪಡಿಸುವ ಮೊದಲು ಆದ ಉಲ್ಲಂಘನೆಗೆ ಪರಿಹಾರ ಕೇಳುವ ಹಕ್ಕು ಮಾಲೀಕರಿಗೆ ಆಗಲೂ ಉಳಿದಿರುತ್ತದೆ, ಆದರೆ ನಿಮ್ಮ ನೆಲೆ ಗಟ್ಟಿಯಾಗುತ್ತದೆ. 3.0 ಮತ್ತು ಹಿಂದಿನವುಗಳಲ್ಲಿ ಇಂಥ ಕಾಲಾವಕಾಶ ಇಲ್ಲ. ಷರತ್ತು ಮುರಿದ ತಕ್ಷಣ ಅನುಮತಿ ಮುಗಿಯಿತು, ಮರಳಿ ಬೇಕಾದರೆ ಮಾಲೀಕರೇ ಕೊಡಬೇಕು. ಹಳೆಯ ಆವೃತ್ತಿಯ ಫೋಟೋಗಳನ್ನು ಹರಡಿ, ಸಣ್ಣ ಲೋಪ ಕಂಡ ಕೂಡಲೇ ದೊಡ್ಡ ಮೊತ್ತ ಕೇಳುವುದನ್ನೇ ಕಸುಬು ಮಾಡಿಕೊಂಡವರು ಇರುವುದು ಈ ಸಂದಿಯಿಂದ.

ಮೊದಲು ನಿಮ್ಮ ಪುಟ ಇದ್ದಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಕ್ರೆಡಿಟ್ ಸರಿಪಡಿಸಿ ಅಥವಾ ಹಳೆಯ ಆವೃತ್ತಿಯಾದರೆ ಚಿತ್ರ ತೆಗೆಯಿರಿ. ಮೇಲ್ ಕಳಿಸಿದವರು ನಿಜವಾಗಿ ಮಾಲೀಕರೇ, ಅವರ ಪ್ರತಿನಿಧಿಗಳೇ ಎಂಬುದಕ್ಕೆ ಆಧಾರ ಕೇಳಿ. ಸರಿಪಡಿಸಿದ್ದನ್ನು ದಿನಾಂಕದೊಂದಿಗೆ ತಿಳಿಸಿ. ಮೊತ್ತ ದೊಡ್ಡದಾಗಿದ್ದರೆ ಇಲ್ಲಿಂದ ಮುಂದಕ್ಕೆ ವಕೀಲರ ಕೆಲಸ.

ನಾನು ತಗೊಂಡಾಗ ಬೈ ಇತ್ತು, ಈಗ ಪುಟದಲ್ಲಿ “ಎಲ್ಲ ಹಕ್ಕು ಕಾಯ್ದಿರಿಸಿದೆ” ಅಂತಿದೆ. ತೆಗೀಬೇಕಾ?

ಬೇಕಿಲ್ಲ. ಸಿಸಿ ಲೈಸೆನ್ಸ್ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಮಾಲೀಕರು ಆ ಲೈಸೆನ್ಸ್‌ನಲ್ಲಿ ಹಂಚುವುದನ್ನು ನಿಲ್ಲಿಸಬಹುದು, ಅಷ್ಟೇ. ಆದರೆ ಅಂದು ಹಾಗಿತ್ತೆಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ, ಮೇಲೆ ಹೇಳಿದ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುವುದು ಆಗ. ಫ್ಲಿಕರ್‌ನಿಂದ ಬಂದ ಚಿತ್ರಗಳ ಲೈಸೆನ್ಸನ್ನು ವಿಕಿಮೀಡಿಯ ಕಾಮನ್ಸ್‌ನಲ್ಲಿ ಒಂದು ಬಾಟ್ ಪರಿಶೀಲಿಸಿ ದಿನಾಂಕ ಸಮೇತ ಗುರುತು ಹಾಕುತ್ತದೆ. ಅಂಥ ಪ್ರತಿ ಸಿಕ್ಕರೆ ಅದೇ ಒಳ್ಳೆಯ ಸಾಕ್ಷಿ. ಇನ್ನು, ನಿಮ್ಮ ಕೃತಿಯಿಂದ ತಮ್ಮ ಹೆಸರು ತೆಗೆಯಿರಿ ಎಂದು ಕರ್ತೃ ಕೇಳಿದರೆ ಸಾಧ್ಯವಾದ ಮಟ್ಟಿಗೆ ತೆಗೆಯಬೇಕು, ಲೈಸೆನ್ಸ್ ಅದಕ್ಕೆ ಅವಕಾಶ ಕೊಟ್ಟಿದೆ.

ಬೈ ಸಂಗೀತಾನೇ ಹಾಕಿದ್ದು, ಆದ್ರೂ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬಂತಲ್ಲ?

ಯೂಟ್ಯೂಬ್‌ನಲ್ಲಿ ನಕಲು ಪತ್ತೆಹಚ್ಚುವ ಕಂಟೆಂಟ್ ಐಡಿ ಯಂತ್ರಕ್ಕೆ ಲೈಸೆನ್ಸ್ ಓದಲು ಬರುವುದಿಲ್ಲ, ಅದು ದನಿಯ ಹೋಲಿಕೆ ನೋಡುತ್ತದೆ. ಕಲಾವಿದರು ಅದೇ ಹಾಡನ್ನು ವಿತರಕರ ಮೂಲಕ ಮಾರಾಟಕ್ಕೂ ಬಿಟ್ಟಿದ್ದು, ವಿತರಕರು ಅದನ್ನು ಕಂಟೆಂಟ್ ಐಡಿಗೆ ಸೇರಿಸಿದ್ದರೆ ಹೀಗಾಗುತ್ತದೆ. ಅಥವಾ ಯಾರೋ ಮೂರನೆಯವರು ಆ ಸಂಗೀತ ಬಳಸಿ ಮಾಡಿದ ತಮ್ಮ ಹಾಡನ್ನು ನೋಂದಾಯಿಸಿರುತ್ತಾರೆ. ಡಿಸ್ಪ್ಯೂಟ್ ಒತ್ತಿ, ಕಾರಣವಾಗಿ ಲೈಸೆನ್ಸ್ ಆರಿಸಿ, ಹಾಡಿನ ಮೂಲ ಪುಟದ ಕೊಂಡಿ ಮತ್ತು ಲೈಸೆನ್ಸ್ ಹೆಸರು ಬರೆಯಿರಿ. ಉತ್ತರಿಸಲು ಕ್ಲೇಮ್ ಹಾಕಿದವರಿಗೆ 30 ದಿನ ಇರುತ್ತದೆ.

ಹಾಡಿನಲ್ಲಿ ರಾಗ-ಸಾಹಿತ್ಯದ್ದು ಒಂದು ಹಕ್ಕು, ಧ್ವನಿಮುದ್ರಣದ್ದು ಇನ್ನೊಂದು. ಪ್ರಸಿದ್ಧ ಹಾಡನ್ನು ತಾವೇ ಹಾಡಿ ಸಿಸಿ ಬೈ ಎಂದು ಹಾಕಿದವರು ಕೊಟ್ಟಿರುವುದು ತಮ್ಮ ದನಿಯನ್ನು ಮಾತ್ರ. ಅಂಥದ್ದಕ್ಕೆ ಬಂದ ಕ್ಲೇಮ್ ನ್ಯಾಯವಾದದ್ದೇ.

ಜೊತೆಗೆ ಒಂದು ಸಣ್ಣ ಗಮನಿಕೆ. ಅಪ್‌ಲೋಡ್ ಮಾಡುವಾಗ ಯೂಟ್ಯೂಬ್ ಕೊಡುವ ಸಿಸಿ ಆಯ್ಕೆ ಬೈ ಒಂದೇ. ನಿಮ್ಮ ವಿಡಿಯೋದಲ್ಲಿ ಎಸ್‌ಎ ವಸ್ತು ಇದ್ದರೆ ಅದನ್ನು ಆರಿಸಬೇಡಿ, ಡಿಸ್ಕ್ರಿಪ್ಷನ್‌ನಲ್ಲಿ ಬೈ-ಎಸ್‌ಎ ಎಂದು ಬರೆಯಿರಿ.

ಹಳೇ ಪೇಂಟಿಂಗ್ ಪಬ್ಲಿಕ್ ಡೊಮೇನ್, ಆದ್ರೆ ಅದರ ಫೋಟೋ ತೆಗೆದ ಮ್ಯೂಸಿಯಂ ಕಾಪಿರೈಟ್ ಅಂತಿದೆ?

ಚಪ್ಪಟೆ ಚಿತ್ರದ ಯಥಾವತ್ ಫೋಟೋಗೆ ಹೊಸ ಕಾಪಿರೈಟ್ ಇಲ್ಲ ಎಂದು ಅಮೆರಿಕದಲ್ಲಿ 1999ರ ಬ್ರಿಜ್‌ಮನ್ ತೀರ್ಪು ಹೇಳಿತು. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದ 14ನೇ ವಿಧಿಯೂ ಅದೇ ದಾರಿ ಹಿಡಿದಿದೆ. ಶಿಲ್ಪದ ಫೋಟೋ ಬೇರೆ ಮಾತು, ಅಲ್ಲಿ ಕೋನ ಮತ್ತು ಬೆಳಕಿನ ಆಯ್ಕೆ ಛಾಯಾಗ್ರಾಹಕರದ್ದು. ಜಗಳವೇ ಬೇಡವೆಂದರೆ ತಾವಾಗಿ ಬಿಟ್ಟುಕೊಟ್ಟವರ ಹತ್ತಿರ ಹೋಗಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ ಪಬ್ಲಿಕ್ ಡೊಮೇನ್ ಕೃತಿಗಳ ಸುಮಾರು 3,75,000 ಚಿತ್ರಗಳನ್ನು ಸಿಸಿ ಜೀರೋ ಮಾಡಿತು.

## ಕೊಡುವವರಿಗೆ

ನನ್ನ ಕೆಲಸಕ್ಕೆ ಯಾವ ಲೈಸೆನ್ಸ್ ಹಾಕಲಿ?

ಮೊದಲು ಕೊಡುವ ಹಕ್ಕು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ. ಉದ್ಯೋಗದ ಭಾಗವಾಗಿ ಮಾಡಿದ್ದಾದರೆ ಹಕ್ಕು ಸಂಸ್ಥೆಯದ್ದಿರಬಹುದು. ಪ್ರಕಾಶಕರಿಗೆ ಅಥವಾ ಸಂಗೀತದ ರಾಯಲ್ಟಿ ಸಂಗ್ರಹಿಸುವ ಸೊಸೈಟಿಗೆ ಹಕ್ಕು ಬರೆದುಕೊಟ್ಟಿದ್ದರೆ ಈಗ ಕೊಡಲು ನಿಮ್ಮ ಬಳಿ ಏನೂ ಉಳಿದಿಲ್ಲದಿರಬಹುದು.

ಹೆಚ್ಚು ಜನ ಬಳಸಲಿ ಎಂದಿದ್ದರೆ ಬೈ. ಬದಲಿಸಿದವರೂ ಮುಕ್ತವಾಗಿಯೇ ಕೊಡಲಿ ಎಂದಿದ್ದರೆ ಬೈ-ಎಸ್‌ಎ. ಎನ್‌ಸಿ ಹಾಕುವ ಮೊದಲು ಯಾರನ್ನು ತಡೆಯುತ್ತಿದ್ದೀರಿ ಎಂದು ಯೋಚಿಸಿ. ದೊಡ್ಡ ಕಂಪನಿ ಬೇರೆ ಚಿತ್ರ ಕೊಂಡುಕೊಳ್ಳುತ್ತದೆ. ಹೆದರಿ ಹಿಂದೆ ಸರಿಯುವುದು ಸಣ್ಣ ಪತ್ರಿಕೆ, ವಿಕಿಪೀಡಿಯ, ಜಾಹೀರಾತಿನ ಬ್ಲಾಗ್. ಆದರೂ ಜೀವನ ನಡೆಯುವುದೇ ಆ ಚಿತ್ರಗಳ ಮಾರಾಟದಿಂದ ಎನ್ನುವವರಿಗೆ ಎನ್‌ಸಿ ಸರಿಯಾದ ಆಯ್ಕೆ. ಪುಕ್ಕಟೆ ನೋಡಲಿ, ವ್ಯಾಪಾರಕ್ಕೆ ಬೇಕಿದ್ದವರು ಬಂದು ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳಲಿ.

ಹಾಕುವಾಗ ಪೂರ್ತಿ ಹೆಸರು, ಆವೃತ್ತಿ, ಕೊಂಡಿ, ನಿಮ್ಮನ್ನು ಹೇಗೆ ಹೆಸರಿಸಬೇಕು ಎಂಬುದನ್ನು ಬರೆಯಿರಿ. ಒಳಗೆ ಬೇರೆಯವರ ಚಿತ್ರಗಳಿದ್ದರೆ “ಇವನ್ನು ಬಿಟ್ಟು” ಎಂದು ಒಂದೊಂದನ್ನೂ ಗುರುತಿಸಿ. “ಬೈ, ಆದರೆ ನನ್ನನ್ನು ಕೇಳಿ ಬಳಸಿ” ಎಂದು ಬರೆಯಬೇಡಿ. ಕೇಳದೆ ಬಳಸಲು ಬಿಡುವುದೇ ಆ ಲೈಸೆನ್ಸ್, ಆ ಬಾಲಂಗೋಚಿ ಓದಿದವರಿಗೆ ಗೊಂದಲ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕೋಡ್, ಫಾಂಟ್, ಡೇಟಾಗೂ ಸಿಸಿ ಹಾಕಬಹುದಾ?

ಕೋಡ್‌ಗೆ ಬೇಡ. ಸೋರ್ಸ್ ಕೋಡ್ ಹಂಚುವ ಬಗ್ಗೆ, ಪೇಟೆಂಟ್ ಬಗ್ಗೆ ಸಿಸಿಯಲ್ಲಿ ಏರ್ಪಾಡಿಲ್ಲ ಎಂದು ಕ್ರಿಯೇಟಿವ್ ಕಾಮನ್ಸೇ ಹೇಳುತ್ತದೆ. ಎಂಐಟಿ, ಅಪಾಚೆ 2.0, ಜಿಪಿಎಲ್ ಎಂಬ ಲೈಸೆನ್ಸ್‌ಗಳು ಇರುವುದೇ ಅದಕ್ಕೆ. ಫಾಂಟ್‌ಗೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1 ರೂಢಿಯಲ್ಲಿದೆ. ಫಾಂಟನ್ನು ಒಂಟಿಯಾಗಿ ಮಾರುವಂತಿಲ್ಲ, ಬೇರೆ ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಅದರಲ್ಲಿ ಅಚ್ಚಾದ ಪುಸ್ತಕಕ್ಕೆ ಯಾವ ಷರತ್ತೂ ತಗುಲದು. ಡೇಟಾಗೆ ಸಿಸಿ ಜೀರೋ ಅಥವಾ ಬೈ 4.0 ಸಲ್ಲುತ್ತದೆ. ಜನರೇ ಸೇರಿ ಕಟ್ಟುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ 2012ರಲ್ಲಿ ಬೈ-ಎಸ್‌ಎ 2.0 ಬಿಟ್ಟು ಡೇಟಾಬೇಸ್‌ಗಾಗಿಯೇ ಬರೆದ ಒಡಿಬಿಎಲ್ ಎಂಬ ಲೈಸೆನ್ಸ್‌ಗೆ ಹೋಯಿತು. ಅದರ ನಕ್ಷೆ ಬಳಸಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರೆಂದು ನಕ್ಷೆಯ ಮೂಲೆಯಲ್ಲೇ ಕಾಣಬೇಕು.

ಎಐ ಮಾಡಿದ ಚಿತ್ರಕ್ಕೆ ಸಿಸಿ ಹಾಕಬಹುದಾ? ನನ್ನ ಸಿಸಿ ಫೋಟೋದಿಂದ ಎಐ ಕಲಿಯೋದನ್ನ ತಡೀಬಹುದಾ?

ಕಾಪಿರೈಟ್ ಇದ್ದರೆ ಮಾತ್ರ ಲೈಸೆನ್ಸ್ ಕೆಲಸ ಮಾಡುತ್ತದೆ. ಮನುಷ್ಯ ಕರ್ತೃವೇ ಇಲ್ಲದ ಚಿತ್ರಕ್ಕೆ ಕಾಪಿರೈಟ್ ಇಲ್ಲ ಎಂಬ ನಿಲುವನ್ನು ಅಮೆರಿಕದ ಮೇಲ್ಮನವಿ ಕೋರ್ಟೊಂದು 2025ರಲ್ಲಿ ಥೇಲರ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಅಂಥ ಚಿತ್ರಕ್ಕೆ ಬೈ ಹಾಕುವುದು ಅಲ್ಲಿ ಗಾಳಿಗೆ ಗುದ್ದಿದಂತೆ. ನೀವು ಕೈಯಾರೆ ತಿದ್ದಿ ಸೇರಿಸಿದ ಭಾಗದ ಮಾತು ಬೇರೆ. ಬಳಸುವವರಿಗೆ ಗೊತ್ತಾಗಲಿ ಎಂದಿದ್ದರೆ ಸಿಸಿ ಜೀರೋ ಹಾಕಿ, ಎಐ ಚಿತ್ರ ಎಂದು ಬರೆಯಿರಿ.

ಎಐ ತರಬೇತಿಯ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತದೆ. ತರಬೇತಿಗೆ ಕಾಪಿರೈಟ್ ಅನುಮತಿ ಬೇಕು ಎನ್ನುವ ದೇಶದಲ್ಲಿ ನಿಮ್ಮ ಬೈ, ಎನ್‌ಸಿ, ಎಸ್‌ಎ ಷರತ್ತುಗಳು ಲೆಕ್ಕಕ್ಕೆ ಬರುತ್ತವೆ. ಬೇಡ ಎನ್ನುವ ಕಡೆ ಲೈಸೆನ್ಸ್ ತಡೆಯಲಾರದು. ಜಪಾನಿನ ಕಾನೂನು ವಿಶ್ಲೇಷಣೆಗಾಗಿ ಮಾಡುವ ನಕಲಿಗೆ ವಿಶಾಲವಾದ ವಿನಾಯಿತಿ ಕೊಟ್ಟಿದೆ. ಐರೋಪ್ಯ ಒಕ್ಕೂಟದಲ್ಲಿ ಮಾಲೀಕರು ಯಂತ್ರ ಓದಬಲ್ಲ ರೀತಿಯಲ್ಲಿ ಬೇಡವೆಂದು ಕಾಯ್ದಿರಿಸಿಕೊಳ್ಳಬಹುದು. ಎನ್‌ಸಿ ಹಾಕಿದ ಮಾತ್ರಕ್ಕೆ ಆ ಕೆಲಸ ಆಯಿತೆಂದು ಎಣಿಸಬೇಡಿ, ತಾಣದ ಸೆಟ್ಟಿಂಗ್‌ನಲ್ಲಿ ಅದನ್ನು ಪ್ರತ್ಯೇಕವಾಗಿಯೇ ಹಾಕಬೇಕು.